ಭಾವನ ಮೀಸೆಯೂ ನನ್ನ ಹಡಗು ಯಾನವೂ

ನನ್ನ ದನಿ ಚೆನ್ನಾಗಿದೆ ಎಂದು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಹೇಳಲಿ ಎಂದು ಕಾಯುತ್ತ ಕೂರುವಷ್ಟು ತಾಳ್ಮೆ ನನಗಿಲ್ಲ. ತಮಿಳು ಸೀಮೆಗೆ ಸೇರಿದ ನಮ್ಮ ಗಡಿಯೂರು ಹೊಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ಆಗೆಲ್ಲ ಪಕ್ಕದ ಬೀದಿಗೆ ಫೋನ್ ಮಾಡಬೇಕಾದರೂ ಮೊದಲು ನಮ್ಮನ್ನು ಕೇಳಬೇಕಾಗಿತ್ತು. ಬೇರಿಕೆಯ ಹುಣಸೆಹಣ್ಣಿನ ಮಂಡಿಯವರು ಕನ್ನಡದಲ್ಲಿ ಕೂಗುತ್ತಿದ್ದರು, ಕೃಷ್ಣಗಿರಿಯ ಮಾವಿನ ವ್ಯಾಪಾರಿಗಳು ತೆಲುಗಿನಲ್ಲಿ, ಕಚೇರಿಯವರು ತಮಿಳಿನಲ್ಲಿ, ಕಾರ್ಖಾನೆಯ ಸಾಹೇಬರು ಇಂಗ್ಲಿಷಿನಲ್ಲಿ. "ಸ್ವಲ್ಪ ಇರಿ, ಲೈನು ಸಿಗ್ತಿಲ್ಲ" ಎಂಬ ಒಂದೇ ಮಾತನ್ನು ಅವರವರ ಭಾಷೆಯಲ್ಲಿ ಬೆಣ್ಣೆ ಸವರಿ ಹೇಳುವುದು ನನ್ನ ಕೆಲಸ. "ರತ್ನಮ್ಮ ಡ್ಯೂಟೀಲಿದ್ರೆ ಲೈನು ಸಿಗದಿದ್ರೂ ಬೇಜಾರಾಗಲ್ಲ ಕಣ್ರೀ" ಎಂದು ಮಂಡಿಯ ಯಜಮಾನರು ಒಂದು ಸಲ ಹೇಳಿದ್ದರು. ಅದನ್ನು ನಾನು ಊರಿಗೆಲ್ಲ ಹೇಳಿದ್ದೇನೆ, ಈಗ ನಿಮಗೂ ಹೇಳಿದೆ. ಮದುವೆಯೊಂದು ಮಾತ್ರ ಆಗಲಿಲ್ಲ. ಆ ಟ್ರಂಕ್ ಕಾಲಿಗೆ ಲೈನು ಸಿಗಲಿಲ್ಲ, ನಾನೂ ಮತ್ತೆ ಬುಕ್ ಮಾಡಲಿಲ್ಲ. ಅಲ್ಲೇ ಹತ್ತಿರದ ಆಲಸನತ್ತಂನಲ್ಲಿ ಅಕ್ಕ ಭಾವನ ಮನೆಯಲ್ಲಿ ಹಾಯಾಗಿದ್ದೆ.

ಆದರೆ ಎಂಥ ಒಳ್ಳೆಯ ದನಿಗೂ ಒಂದು ದಿನ ಸಾಕಪ್ಪಾ ಅನ್ನಿಸುತ್ತದೆ. ದೇವಸ್ಥಾನದಲ್ಲಿ ಗಂಟೆ ಬಾರಿಸಿದರೆ "ನಂಬರ್ ಪ್ಲೀಸ್" ಎಂದುಬಿಟ್ಟೆ. ಪೂಜಾರಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಅವತ್ತೇ ತೀರ್ಮಾನ ಮಾಡಿದೆ. ನಮಗೆ ಇಲಾಖೆಯಿಂದ ರಜಾ ಪ್ರಯಾಣದ ಸವಲತ್ತು ಇತ್ತು. ಉಳಿದವರೆಲ್ಲ ಅದರಲ್ಲಿ ಅತ್ತೆ, ಮಾವ, ಮಕ್ಕಳು, ಉಪ್ಪಿನಕಾಯಿ ಭರಣಿ ಸಮೇತ ಕಾಶಿಗೆ ಹೋಗುತ್ತಿದ್ದರು. ನಾನು ಮದರಾಸಿನಿಂದ ಅಂಡಮಾನಿಗೆ ಹೋಗುವ ದೊಡ್ಡ ಹಡಗಿನಲ್ಲಿ ಒಬ್ಬಳೇ ಹೋಗುತ್ತೇನೆ ಎಂದೆ. ಸುತ್ತ ನೀರು, ಫೋನಿಲ್ಲ, ಹಲೋ ಇಲ್ಲ. ಹಡಗು ಹತ್ತಿದ ಮೇಲೆ ಇಳಿದು ಮನೆ ಸೇರುವ ತನಕ ಯಾರೊಡನೆಯೂ ಒಂದು ಮಾತೂ ಆಡುವುದಿಲ್ಲ ಎಂದೂ ಸಾರಿದೆ.

ಅಕ್ಕ ಕಣ್ಣಲ್ಲಿ ನೀರು ತಂದುಕೊಂಡಳು. "ಒಂಟಿ ಹೆಂಗಸು ಅಷ್ಟು ನೀರಿನ ಮ್ಯಾಲೆ ಹೆಂಗೆ ಹೋಗ್ತೀಯೇ?" ಭಾವ ಮಾತ್ರ ಗಹಗಹಿಸಿ ನಕ್ಕರು. ನಮ್ಮ ಭಾವ ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವರ ಮೀಸೆಗೆ ಅವರಿಗಿಂತ ಹೆಚ್ಚು ಹೆಸರು. ದಿನಾ ಹರಳೆಣ್ಣೆ ಹಚ್ಚಿ ತುದಿ ಮೇಲಕ್ಕೆ ತಿರುವಿ, ಕನ್ನಡಿಯ ಮುಂದೆ ಅಕ್ಕನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಆ ಮೀಸೆಯನ್ನೇ ನೀವುತ್ತ ಹೇಳಿದರು: "ಅವಳು ಒಂಟಿ ಹೋಗೋದು ದೊಡ್ಡದಲ್ಲ ಕಣೆ. ಬಾಯಿ ಮುಚ್ಕಂಡು ಹೋಗ್ಬತ್ತೀನಿ ಅಂತಾಳಲ್ಲ, ಅದು ದೊಡ್ಡದು. ಇವಳೇನಾದ್ರೂ ಹಂಗೆ ಇದ್ಬುಟ್ರೆ, ಇಗೋ, ಈ ಮೀಸೆ ಬೋಳಿಸ್ಕಂತೀನಿ!" ನನಗೆ ಮೈಯೆಲ್ಲ ಉರಿದುಹೋಯಿತು. ರಜೆಯ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ಉಳಿದದ್ದು ಆ ಮೀಸೆ ಇಳಿಸುವ ಹಟ ಒಂದೇ.

ಹಡಗು ಅಂದರೆ ನಾನು ದೊಡ್ಡ ದೋಣಿ ಅಂದುಕೊಂಡಿದ್ದೆ. ಅದು ಊರು ಮಾರಾಯರೇ! ಕೆಳಗೆ ಉದ್ದಕ್ಕೂ ಅಂತಸ್ತಿನ ಮಂಚಗಳು, ಮೇಲೆ ಊಟದ ಸಾಲೆ, ಅದರ ಮೇಲೆ ಗಾಳಿ ತಿನ್ನುವ ಬಯಲು. ನನ್ನ ಪಕ್ಕದ ಮಂಚಕ್ಕೆ ಶ್ರೀಕಾಕುಳಂ ಕಡೆಯ ಒಬ್ಬ ಅಜ್ಜಿ, ಎದುರಿಗೆ ಮಧುರೆಯ ಒಂದು ಸಂಸಾರ. ಅಜ್ಜಿ ಕೂರುತ್ತಲೇ "ಎಕ್ಕಡಿಕಮ್ಮಾ?" ಎಂದು ಕೇಳಿದರು. ಎಲ್ಲಿಗೆ ಎಂದು ಕೇಳಿದವರಿಗೆ ಉತ್ತರ ಕೊಡದಿರುವುದು ನಮ್ಮ ಸೀಮೆಯಲ್ಲಿ ಮಹಾ ಅಪರಾಧ. ಆದರೂ ಭಾವನ ಮೀಸೆ ಕಣ್ಣ ಮುಂದೆ ಬಂತು. ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದೆ. ಅಜ್ಜಿ "ಅಯ್ಯೋ ಪಾಪಂ, ಮೂಗದಿ" ಎಂದು ಲೊಚಗುಟ್ಟಿದರು. ಎದುರಿನ ಮಧುರೆಯಮ್ಮ ಗಂಡನಿಗೆ ತಮಿಳಿನಲ್ಲಿ, ನೋಡಲು ಲಕ್ಷಣವಾಗಿದ್ದಾಳೆ, ಮಾತು ಬರದ್ದಕ್ಕೇ ತಾಳಿ ಬಿದ್ದಿಲ್ಲ ಎಂದರು. ಮಾತು ಜಾಸ್ತಿಯಾಗಿ ಬಿದ್ದಿಲ್ಲಮ್ಮಾ ಎನ್ನಲು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಜನ್ಮದಲ್ಲಿ ಮೊದಲ ಸಲ ನನ್ನ ಬಗ್ಗೆ ನನ್ನೆದುರೇ ಎರಡು ಭಾಷೆಗಳಲ್ಲಿ ಚರ್ಚೆಯಾಯಿತು, ನಾನು ಒಂದರಲ್ಲೂ ಜವಾಬು ಕೊಡಲಿಲ್ಲ. ಇದಕ್ಕಿಂತ ದೊಡ್ಡ ತಪಸ್ಸು ಇದ್ದರೆ ಹೇಳಿ.

ಮಾರನೆಯ ದಿನ ಕಷ್ಟ ಶುರುವಾಯಿತು. ಹಡಗಿನಲ್ಲಿ ಧ್ವನಿವರ್ಧಕದಲ್ಲಿ ಎಲ್ಲವನ್ನೂ ಸಾರುತ್ತಿದ್ದರು. ತಮಿಳು ತೆಲುಗಿನಲ್ಲಿ ಹೇಳುವವನು ಹೊಸಬ, ಅದೇ ಅವನ ಮೊದಲ ಯಾನ. ಮೊದಲ ಅಲೆಗೇ ಅವನು ತಲೆ ಸುತ್ತಿ ಮಲಗಿಬಿಟ್ಟ. ಉಳಿದದ್ದು ಹಿಂದಿ, ಇಂಗ್ಲಿಷು. ಅಜ್ಜಿಗೆ ಊಟಕ್ಕೆ ಕರೆದದ್ದೂ ತಿಳಿಯದು, ಕುಡಿಯುವ ನೀರು ಬಿಟ್ಟದ್ದೂ ತಿಳಿಯದು. ನಾನು ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದೆ. ಅಜ್ಜಿ ದಾರಿಯುದ್ದಕ್ಕೂ ತಮ್ಮ ಸೊಸೆಯನ್ನು ಬಯ್ದರು. ಮೂಗಿಯ ಹತ್ತಿರ ಹೇಳಿದರೆ ಆಚೆಗೆ ಹೋಗುವುದಿಲ್ಲವಲ್ಲ ಎಂಬ ಧೈರ್ಯ. ನಾನೂ ಯಾರಿಗೂ ಹೇಳಿಲ್ಲ, ಸೊಸೆ ತುಪ್ಪ ಬಚ್ಚಿಡುತ್ತಾಳೆ ಎಂಬುದೊಂದನ್ನು ಬಿಟ್ಟು.

ಮಧ್ಯಾಹ್ನ ಇದ್ದಕ್ಕಿದ್ದಂತೆ ಸೈರನ್ ಹೊಡೆದುಕೊಳ್ಳತೊಡಗಿತು. ಇದು ಬರೀ ಅಭ್ಯಾಸ, ಜೀವರಕ್ಷಕ ಜಾಕೆಟ್ ಹಾಕಿಕೊಂಡು ಮೇಲೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಅರ್ಥವಾಯಿತು. ಉಳಿದವರಿಗೆ ಅರ್ಥವಾದದ್ದು ಸೈರನ್ ಮಾತ್ರ. "ಕಪ್ಪಲ್ ಮುಳುಗುದೇ!" ಹಡಗು ಮುಳುಗ್ತಿದೆ ಎಂದು ಮಧುರೆಯಮ್ಮ ಚೀರಿದರು. ಮಕ್ಕಳು ಹೋ ಎಂದವು. ಜನ ಮೆಟ್ಟಿಲ ಕಡೆ ನುಗ್ಗಿದರು. ಅಜ್ಜಿ ತಿರುಪತಿ ತಿಮ್ಮಪ್ಪನ ಪಟ ಎದೆಗವಚಿಕೊಂಡು, ನನ್ನ ಕೈ ಹಿಡಿದು, "ಸ್ವಾಮೀ, ನಾನು ಹೋದರೆ ಹೋಗಲಿ, ಈ ಮಾತು ಬಾರದ ಮಗುವನ್ನಾದರೂ ಉಳಿಸು" ಎಂದು ತೆಲುಗಿನಲ್ಲಿ ಅಳತೊಡಗಿದರು. ಆಗ ಭಾವನ ಮೀಸೆ ಹಾಳಾಗಲಿ, ಇದ್ದುಕೊಳ್ಳಲಿ ಅನ್ನಿಸಿತು. ಮಂಚದ ಮೇಲೆ ಹತ್ತಿ ನಿಂತೆ. ಎರಡು ದಿನ ಕೂಡಿಟ್ಟಿದ್ದ ದನಿಯನ್ನೆಲ್ಲ ಒಟ್ಟಿಗೇ ಬಿಟ್ಟೆ. "ಯಾರೂ ಓಡಬೇಡಿ! ಹಡಗಿಗೆ ಏನೂ ಆಗಿಲ್ಲ! ಇದು ಬರೀ ಪ್ರಾಕ್ಟೀಸು!" ತಮಿಳಿನಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ನುಗ್ಗುತ್ತಿದ್ದವರು ನಿಂತರು. ಅಳು ನಿಂತಿತು. ಅಜ್ಜಿ ಮಾತ್ರ ನನ್ನನ್ನು ನೋಡಿ, ಪಟವನ್ನು ನೋಡಿ, "ಗೋವಿಂದಾ! ಮೂಗಿಗೆ ಮಾತು ಬಂತು!" ಎಂದು ನನ್ನ ಕಾಲಿಗೆ ಬಿದ್ದುಬಿಟ್ಟರು. ಏಳಿ ಏಳಿ ಅಜ್ಜಿ, ನನಗೆ ಹುಟ್ಟಿದಾಗಿನಿಂದಲೂ ಬರುತ್ತೆ ಎಂದರೂ ಅವರು ಕೇಳಲೊಲ್ಲರು. ಮುಂದೆ ಎರಡು ದಿನ ಜನ ಬಂದು ಆ ಪಟಕ್ಕೆ ಕೈಮುಗಿದು ಹೋದರು.

ಗದ್ದಲ ಕೇಳಿ ಬಂದಿದ್ದ ಹಡಗಿನ ಅಧಿಕಾರಿ ನನ್ನನ್ನು ನೇರವಾಗಿ ಮೈಕಿನ ಕೋಣೆಗೆ ಕರೆದೊಯ್ದರು. ಬಿಳಿ ಸಮವಸ್ತ್ರದ ಮನುಷ್ಯ ಕೈಮುಗಿದು ಕೇಳಿದರೆ ಹೇಗೆ ಒಲ್ಲೆ ಎನ್ನಲಿ? ಹೇಗೂ ವ್ರತ ಕೆಟ್ಟಾಗಿತ್ತು. ಮೈಕ್ ಹತ್ತಿರ ಎಳೆದುಕೊಂಡು ರಾತ್ರಿ ಊಟದ ಕರೆಯನ್ನು ತಮಿಳಿನಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ. ಆಮೇಲೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಪ್ರಯಾಣಿಕರ ಗಮನಕ್ಕೆ. ಊಟ ಸಿದ್ಧವಾಗಿದೆ. ದಯವಿಟ್ಟು ಎಲ್ಲರೂ ಮೇಲಂತಸ್ತಿಗೆ ಬನ್ನಿ" ಎಂದೆ. ಬಂಗಾಳ ಕೊಲ್ಲಿಯ ನಟ್ಟನಡುವೆ, ನನ್ನದೇ ದನಿಯಲ್ಲಿ, ಕನ್ನಡ! ಮೈ ಜುಮ್ಮೆಂದಿತು. ಅಧಿಕಾರಿ ಇದ್ಯಾವ ಭಾಷೆ ಎಂದು ಕೇಳಿದರು. ಕನ್ನಡ ಎಂದೆ. ಹಡಗಿನಲ್ಲಿ ಕನ್ನಡದವರು ಎಷ್ಟು ಜನರಿದ್ದಾರೆ ಎಂದರು. "ಒಬ್ಬಳು. ಅವಳಿಗೂ ಊಟ ಬೇಕಲ್ಲ?" ಎಂದೆ.

ಅಂಡಮಾನಿನಲ್ಲಿ ತೆಂಗಿನಮರ ನೋಡಿದೆ, ಹಳೆಯ ಜೈಲು ನೋಡಿದೆ, ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಮನಸ್ಸೆಲ್ಲ ಮೈಕಿನ ಮೇಲಿತ್ತು. ವಾಪಸು ಅದೇ ಹಡಗು, ಅದೇ ಕೋಣೆ. ಕರೆ ಇಲ್ಲದಾಗಲೂ ಏನಾದರೂ ಹೇಳುತ್ತಿದ್ದೆ. ಎಡಕ್ಕೆ ಮೀನು ಹಾರುತ್ತಿವೆ, ನೋಡಿ ಎಂದೆ. ಕೋಣೆಗೆ ಕಿಟಕಿಯಿರಲಿಲ್ಲ, ಮೀನು ಹಾರಿದ್ದು ನನಗೆ ಬೇರೆಯವರು ಹೇಳಿದ್ದು. ಮದರಾಸು ಬರುವಷ್ಟರಲ್ಲಿ ಉಪ್ಪುಗಾಳಿಗೋ ಉತ್ಸಾಹಕ್ಕೋ ಗಂಟಲು ಪೂರ್ತಿ ಕಟ್ಟಿಕೊಂಡು, ಬಾಯಿ ತೆರೆದರೆ ಬರೀ ಗಾಳಿ.

ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಭಾವ ಮೀಸೆ ತಿರುವುತ್ತ ಕಾದಿದ್ದರು. "ಏನಮ್ಮಾ ರತ್ನ, ಯಾವಾಗ ಬಾಯಿ ಬಿಟ್ಟೆ? ಹಡಗು ಹೊರಡೋಕೆ ಮುಂಚೇನೋ, ಆಮೇಲೋ?" ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಗಂಟಲು ತೋರಿಸಿದೆ, ಮುಷ್ಟಿ ಹಿಡಿದು ಬಾಯಿಯ ಮುಂದೆ ಮೈಕ್ ಮಾಡಿ ತೋರಿಸಿದೆ. ಭಾವನ ಮುಖ ಬಿಳಿಚಿತು. "ಮಾತೇ ಮರ್ತೋಗೋವಷ್ಟು ವ್ರತ ಮಾಡ್ಬುಟ್ಯಾ ತಾಯೀ!" ಎಂದವರೇ ನನ್ನನ್ನು ಜಟಕಾ ಹತ್ತಿಸಿ, ನಾನು ಕೈಕೈ ಆಡಿಸುತ್ತಿದ್ದರೂ ಲೆಕ್ಕಿಸದೆ, ಎದುರಿನ ಸಲೂನಿಗೆ ನಡೆದುಬಿಟ್ಟರು. ಆಡಿದ ಮಾತಿಗೆ ತಪ್ಪುವ ಜನವಲ್ಲ ನಮ್ಮ ಭಾವ. ಬೋಳು ಮುಖದಲ್ಲಿ ಅವರು ಮನೆಗೆ ಬಂದು ಬಾಗಿಲು ತಟ್ಟಿದಾಗ ಅಕ್ಕ ಅರ್ಧ ತೆರೆದು, ಗುರುತು ಹತ್ತದೆ, "ಅವರು ಮನೇಲಿಲ್ಲ, ಆಮೇಲೆ ಬನ್ನಿ" ಎಂದು ಮುಚ್ಚಿಬಿಟ್ಟಳು.

ಮೆಣಸು ಶುಂಠಿ ಕಷಾಯ ಕುಡಿದು ಸಂಜೆಗೆ ಅಷ್ಟೋ ಇಷ್ಟೋ ದನಿ ಬಂದಾಗ ನಾನು ಹೇಳಿದ ಮೊದಲ ಮಾತು, "ಭಾವ, ನಾನು ಸೋತೆ." ನಡೆದದ್ದನ್ನೆಲ್ಲ ಹೇಳಿದೆ. ಭಾವ ಬೋಳು ತುಟಿಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ನಾನು ಬಯ್ಗುಳಕ್ಕೆ ತಯಾರಾದೆ. ಅವರು ಕೇಳಿದ್ದು ಒಂದೇ: "ಕನ್ನಡದಾಗೂ ಹೇಳ್ದ್ಯಾ?"

"ಹೇಳ್ದೆ."

"ಕೇಳೋಕೆ ಯಾರಿದ್ರು?"

"ಯಾರೂ ಇರ್ಲಿಲ್ಲ. ನಾನೊಬ್ಳೇ."

"ಯಾರೂ ಇಲ್ದಿದ್ರೂ ಹೇಳ್ದೆ ಅಲ್ವಾ! ಭೇಷ್! ಹೋಗ್ಲಿ ಬಿಡು, ಮೀಸೆ ಬೆಳೀತದೆ" ಎಂದರು. ಅವರ ಕಣ್ಣು ತುಂಬಿತ್ತು. ಆಮೇಲೆ ಅಡುಗೆಮನೆಯಿಂದ ತಾವೇ ಮೈಕಿನ ಬದಲಿಗೆ ಒಂದು ಚೊಂಬು ತಂದು ನನ್ನ ಕೈಗಿಟ್ಟು, "ಎಲ್ಲಿ, ಹಡಗಲ್ಲಿ ಹೇಳ್ದಂಗೇ ಒಂದ್ಸಲ ಹೇಳು, ನಿಮ್ಮಕ್ಕ ಕೇಳ್ಲಿ" ಎಂದರು. ಕೀರಲು ದನಿಯಲ್ಲೇ ಹೇಳಿದೆ. ಅಕ್ಕ ನಿಜವಾಗಿಯೂ ಎದ್ದು ತಟ್ಟೆ ಹಾಕಿದಳು.

ಮೀಸೆ ಮೊದಲಿಗಿಂತ ದಪ್ಪವಾಗಿ ಬೆಳೆಯಿತು. ಈಗಲೂ ಮನೆಗೆ ಯಾರಾದರೂ ಬಂದರೆ ಭಾವ ಅದನ್ನು ತಿರುವುತ್ತ, "ಬಾಯಿ ಮುಚ್ಕಂಡಿರ್ತೀನಿ ಅಂತ ಹಡಗು ಹತ್ತಿದೋಳು ಇವಳೇ" ಎಂದು ಶುರು ಮಾಡುತ್ತಾರೆ. "ಅಯ್ಯೋ ಬಿಡಿ ಭಾವ, ಅದನ್ನೆಲ್ಲ ಯಾಕೆ ಈಗ" ಎಂದು ನಾನು ತುಂಬ ನಾಚಿಕೊಳ್ಳುತ್ತೇನೆ. ನಾಚಿಕೊಳ್ಳುವ ಹೊತ್ತಿಗೆ ಚೊಂಬು ನನ್ನ ಕೈಯಲ್ಲೇ ಇರುತ್ತದೆ.