ನಲವತ್ತನೇ ಮನೆಯ ಬಾಗಿಲು

ಕನ್ನಡಕದಂಗಡಿಯವನು ಮಾಡಿದ ತಪ್ಪು ಒಂದೇ. ತನ್ನ ಬೀದಿಯ ನಲವತ್ತು ಮನೆಗಳ ಮತದಾರರ ಪಟ್ಟಿಯನ್ನು ಮನೆಮನೆಗೆ ಹೋಗಿ ತುಂಬುವ ಬದಲು ಅಂಗಡಿಯಲ್ಲೇ ಕೂತು ತುಂಬಿದ್ದ. ಎಲ್ಲರೂ ದಿನಾ ಎದುರು ಸಿಕ್ಕಿ ನಗುವವರೇ. ಹಾಗಾಗಿ ಇವರ ವೋಟು ನಮ್ಮ ಪಕ್ಷಕ್ಕೇ ಎಂದು ಎಲ್ಲರ ಹೆಸರಿನ ಮುಂದೂ ಧಾರಾಳವಾಗಿ ರೈಟು ಹಾಕಿದ್ದ.

ಪಕ್ಷದ ವಾರ್ಡ್ ಅಧ್ಯಕ್ಷರು ಪಟ್ಟಿ ನೋಡಿ ನಕ್ಕರು. "ಹೋದ ಸಲ ಆ ಬೀದಿಯಿಂದ ನಮಗೆ ಬಿದ್ದಿದ್ದು ಬೆರಳಲ್ಲಿ ಎಣಿಸೋಷ್ಟು ವೋಟು ಕಣಯ್ಯಾ. ಉಳಿದೋರೆಲ್ಲ ಈಗ ಹೊಸ ಜನ್ಮ ಎತ್ತಿ ಬಂದ್ರಾ? ಮೀಟರ್ ಮಾವನ ಜೊತೆ ಇನ್ನೊಂದ್ಸಲ ಹೋಗು. ಸಂಜೆಯೊಳಗೆ ಸರಿಯಾದ ಪಟ್ಟಿ ತಂದ್ರೆ ವಾರ್ಡ್ ಕಾರ್ಯದರ್ಶಿ ನೀನೇ. ತಪ್ಪಿದ್ರೆ ಇನ್ನೈದು ವರ್ಷ ಪೋಸ್ಟರ್ ಅಂಟಿಸ್ತಾ ಇರು."

ಏಳು ವರ್ಷದಿಂದ ಅಂಟಿಸಿದ್ದು ಸಾಲದೇ? ಕಾರ್ಯದರ್ಶಿ ಎನ್ನಿಸಿಕೊಳ್ಳಲು ಬಡಪಾಯಿ ಜೀವ ಬಿಡುತ್ತಿದ್ದ. ಪಟ್ಟಿ ಮಡಚಿಕೊಂಡು ಹೊರಟ.

ಮೀಟರ್ ಮಾವ ಮೂವತ್ತೆರಡು ವರ್ಷ ಮನೆಮನೆ ಸುತ್ತಿ ಕರೆಂಟು ಮೀಟರ್ ಓದಿ ನಿವೃತ್ತನಾದ ಒಣಕಲು ಮನುಷ್ಯ. ಮಾತು ಕಮ್ಮಿ. ಕಿವಿಯ ಸಂದಿನಲ್ಲಿ ಒಂದು ಪೆನ್ಸಿಲು.

ಮೊದಲನೇ ಮನೆ ಬ್ಯಾಂಕ್ ಗುಮಾಸ್ತನದು. "ನಮ್ಮ ವೋಟು ನಿಮಗೇ ಸಾರ್, ಅದನ್ನೂ ಕೇಳ್ಬೇಕಾ?" ಎಂದು ಹಲ್ಲು ಗಿಂಜಿದ. ಕನ್ನಡಕದವನು ಹಿಗ್ಗಿದ. ಮಾವ ಪೆನ್ಸಿಲು ತೆಗೆದು ಇಂಟು ಹಾಕಿದ.

"ಯಾಕೆ ಮಾವ? ಬಾಯ್ಬಿಟ್ಟು ಹೇಳಿದ್ನಲ್ಲ."

"ನೀನು ಬಾಯಿ ನೋಡಿದೆ. ಅವನ ಕೈ ಚಿಲಕ ಬಿಡ್ಲೇ ಇಲ್ಲ."

ಅಷ್ಟರಲ್ಲಿ ಬಾಗಿಲು ಮುಚ್ಚಿತು. "ಇವರಿಗೂ ಆಯ್ತು. ಅವರಿಗೂ ಹೀಗೇ ಹೇಳಿ ಕಳಿಸಿದ್ರೆ ಪೀಡೆ ಕಳೀತು" ಎಂದು ಗುಮಾಸ್ತ ಹೆಂಡತಿಗೆ ಹೇಳುವುದು ಕಿಟಕಿಯಿಂದ ಕೇಳಿಸಿತು. ಕನ್ನಡಕದವನು ಬಾಯಿ ತೆರೆದು ಮಾವನನ್ನೇ ನೋಡಿದ.

ಎರಡನೇ ಮನೆಯ ನಿವೃತ್ತ ಟೀಚರ್ ಮೇಡಂ ಚರಂಡಿಯ ವಿಷಯ ಎತ್ತಿಕೊಂಡು ಹತ್ತು ನಿಮಿಷ ನೀರಿಳಿಸಿದರು. ಹಿಂದೆ ಹಿಂದೆ ಸರಿದ ಕನ್ನಡಕದವನ ಒಂದು ಕಾಲು ಆ ಚರಂಡಿಗೇ ಇಳಿಯಿತು. ಮಾವ ನಿಧಾನವಾಗಿ ರೈಟು ಹಾಕಿದ.

"ಬೈಯೋರು ನಮ್ಮೋರು. ಆಗದವರು ಬೈಯೋಕೂ ಟೈಮ್ ಕೊಡಲ್ಲ."

"ಏಯ್, ನಿಲ್ಲಿ" ಎಂದು ಮೇಡಂ ಗೇಟಿನವರೆಗೂ ಬಂದರು. "ಕರಪತ್ರ ಇನ್ನೆರಡು ಕೊಡಿ. ನನ್ನ ತಂಗಿ ಮನೇಲೂ ಹೇಳ್ತೀನಿ. ಗೆದ್ದ ಮೇಲೆ ಆ ಚರಂಡಿ ಮರೀಬೇಡಿ."

ಕನ್ನಡಕದವನಿಗೆ ಮೈ ಜುಮ್ಮೆಂದಿತು. ತಾನು ಇಷ್ಟು ವರ್ಷ ಊರಿಗೆಲ್ಲ ಕನ್ನಡಕ ಹಾಕಿದ್ದು ದಂಡ ಎನ್ನಿಸಿತು.

ಬಡಗಿಯ ಮನೆಯಲ್ಲಿ ಅವನ ಹೆಂಡತಿ ಮಗುವನ್ನು ಕನ್ನಡಕದವನ ಕೈಗೆ ಕೊಟ್ಟು "ಒಂದ್ನಿಮಿಷ ಅಣ್ಣ" ಎಂದು ಒಳಗೆ ಹೋದಳು. ಅರ್ಧ ಗಂಟೆಯಾದರೂ ಬರಲಿಲ್ಲ. ಮಗು ಮಾತ್ರ ತನ್ನ ಕೆಲಸವನ್ನು ಅವನ ಅಂಗಿಯ ಮೇಲೆ ಮುಗಿಸಿತು. ಮಾವ ಹೆಂಡತಿಯ ಹೆಸರಿಗೆ ರೈಟು, ಗಂಡನ ಹೆಸರಿಗೆ ಇಂಟು ಹಾಕಿದ. ಒಳಗಿಂದ ಗಂಡ "ನಿನ್ನ ಪಕ್ಷ ಬೇರೆ, ನನ್ನ ಪಕ್ಷ ಬೇರೆ" ಎಂದು ಕೂಗುವುದು ಆಮೇಲೆ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಕನ್ನಡಕದವನು ಪ್ರಶ್ನೆ ಕೇಳುವುದನ್ನೇ ಬಿಟ್ಟ. ಒದ್ದೆ ಅಂಗಿ, ಕೊಳೆ ಕಾಲು, ಯಾವುದೂ ಲೆಕ್ಕಕ್ಕಿರಲಿಲ್ಲ. ಬಾಗಿಲು ಎಷ್ಟು ತೆರೆಯಿತು, ಯಾರು ಯಾರ ಹಿಂದೆ ನಿಂತರು, ನೀರು ಕೊಟ್ಟ ಲೋಟ ತುಂಬಿತ್ತೋ ಅರ್ಧವಿತ್ತೋ, ಎಲ್ಲವನ್ನೂ ಆ ಮುದುಕ ಓದುತ್ತಿದ್ದ. ಒಂದು ಕಡೆಯೂ ತಪ್ಪಲಿಲ್ಲ. ಇಂಥವರೂ ಭೂಮಿಯ ಮೇಲೆ ಇದ್ದಾರಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು.

ಕೊನೆಗೆ ಉಳಿದದ್ದು ನಲವತ್ತನೇ ಮನೆ.

"ಇದು ನಮ್ಮನೆ ಮಾವ. ಬಿಡಿ."

"ಪಟ್ಟೀಲಿದೆಯಲ್ಲ. ತಟ್ಟು."

ತಟ್ಟಿದ. ಹೆಂಡತಿ ಹೊರಗೆ ಬಂದು, ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡು ನಿಂತಳು. "ನೀವಾ? ಇಷ್ಟು ಬೇಗ ಯಾಕೆ ಬಂದ್ರಿ?"

ಮಾವ ಒಂದು ಇಂಟು ಹಾಕಿದ. ಅದರ ಕೆಳಗೆ ಇನ್ನೊಂದು.

"ಎರಡೂನಾ? ಎರಡನೇದು ನನ್ನ ಹೆಸರು ಮಾವ."

"ಓದೋಕೆ ಬರುತ್ತೆ ನಂಗೆ."

ಈ ಸಲ ಮೀಟರ್ ಕೆಟ್ಟಿದೆ ಎಂದುಕೊಂಡು ಅವನು ಹೆಂಡತಿಯನ್ನು ದಾಟಿ ಒಳಗೆ ನುಗ್ಗಿದ. ಅವನ ಕುರ್ಚಿಯಲ್ಲಿ ಎದುರು ಪಕ್ಷದ ಅಧ್ಯಕ್ಷರು ಕೂತಿದ್ದರು. ಸುತ್ತ ಬೀದಿಯ ಅರ್ಧ ಹೆಂಗಸರು.

"ನಲ್ಲಿ ನೀರಿಗೆ ಅಂತ ನಾನು ಹನ್ನೊಂದು ಸಲ ಕಚೇರಿ ಮೆಟ್ಟಿಲು ಹತ್ತಿದ್ನಲ್ಲ, ಅದಕ್ಕೆ ಈ ವಾರ್ಡಿಗೆ ನನ್ನನ್ನೇ ನಿಲ್ಲಿಸ್ತಾರಂತೆ" ಎಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿ, "ನೀವು ನಂಗೆ ಹಾಕ್ತೀರಲ್ವಾ?" ಎಂದಳು.

ಹನ್ನೊಂದು ಸಲ ಎಂಬುದು ಅವನಿಗೆ ಇವತ್ತೇ ಗೊತ್ತಾದದ್ದು. ತಲೆ ತಾನಾಗಿಯೇ ಹೂಂ ಎಂದು ಆಡಿತು. ಹೊರಗೆ ಬಂದಾಗ ಮಾವ ಮೆಟ್ಟಿಲ ಮೇಲೆ ಕೂತಿದ್ದ.

"ಅವಳದ್ದು ಸರಿ. ನನ್ನದು ಹೇಗೆ ಗೊತ್ತಾಯ್ತು ಮಾವ?"

"ಮೂವತ್ತೊಂಬತ್ತು ಬಾಗಿಲು ನೀನು ಧಡಧಡ ಬಡಿದೆ. ನಿಮ್ಮನೆ ಬಾಗಿಲು ಒಂದು ಬೆರಳಲ್ಲಿ ತಟ್ಟಿ, ಎರಡು ಹೆಜ್ಜೆ ಹಿಂದೆ ನಿಂತೆ."

ಕನ್ನಡಕದವನು ಅಲ್ಲೇ ಮಾವನ ಕಾಲು ಮುಟ್ಟಿದ.

ಸಂಜೆ ವಾರ್ಡ್ ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ಹೆಸರು ಓದದೆ ಪಟ್ಟಿಯ ಗುರುತುಗಳನ್ನಷ್ಟೇ ನೋಡಿ, ಎಲ್ಲರ ಮುಂದೆ ಅವನ ಎದೆಗೆ ಕಾರ್ಯದರ್ಶಿ ಬ್ಯಾಡ್ಜು ಚುಚ್ಚಿದರು. "ಕಾರ್ಯದರ್ಶಿಗಳೇ, ಇನ್ನು ನಿಮ್ಮ ಮೊದಲ ಕೆಲಸ. ಈ ನಲವತ್ತನೇ ಮನೇಲಿ ಎರಡು ಇಂಟು ಇದೆ. ನಾಳೆಯೊಳಗೆ ಎರಡನ್ನೂ ರೈಟು ಮಾಡ್ಕೊಂಡು ಬನ್ನಿ."

ಹೊಸ ಕಾರ್ಯದರ್ಶಿ ಮನೆಗೆ ಬಂದ. ಹೆಂಡತಿ ಬಾಗಿಲು ತೆರೆದು, ಬ್ಯಾಡ್ಜನ್ನೂ ಅವನ ಮುಖವನ್ನೂ ನೋಡಿದಳು.

"ವೋಟು ಕೇಳೋಕೆ ಬಂದ್ರಾ, ಊಟಕ್ಕೆ ಬಂದ್ರಾ?"

"ಊಟಕ್ಕೆ" ಎಂದ ಅವನು, ಬ್ಯಾಡ್ಜು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತ.