ಪೂಜೆಗೆ ಕೂತ ಸ್ಪ್ಯಾನರ್

ಕರೆಂಟಿನ ವಿಷಯದಲ್ಲಿ ನಾನು ಆಸ್ತಿಕ. ಕಣ್ಣಿಗೆ ಕಾಣದಿದ್ದರೂ ಅದು ಇದೆಯೆಂದು ನಂಬುತ್ತೇನೆ, ಅದಕ್ಕೆ ಹೆದರುತ್ತೇನೆ, ಅದರ ಸ್ವರೂಪವೇನೆಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಸಾಗರದವನಿಗೆ ಇದು ನಾಚಿಕೆಗೇಡು. ಜೋಗ ಹತ್ತಿರದಲ್ಲೇ ಇರುವುದರಿಂದ ನಮ್ಮೂರಿನವರು ಕರೆಂಟು ತಮ್ಮ ಹಿತ್ತಲಲ್ಲೇ ಬೆಳೆದದ್ದು ಎಂಬಂತೆ ಮಾತಾಡುತ್ತಾರೆ. ಶಿವಮೊಗ್ಗದ ನೆಂಟರ ಮನೆಯಲ್ಲಿ ದೀಪ ಮಂಕಾದಾಗ, "ನಮ್ಮ ಕಡೆಯಿಂದ ಸರಿಯಾಗೇ ಕಳ್ಸಿದೀವಿ, ದಾರೀಲಿ ಏನೋ ಆಗಿರ್ಬೇಕು" ಎಂದವರನ್ನು ನಾನೇ ಕಂಡಿದ್ದೇನೆ. ಇಂಥ ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿಕೊಂಡು ತೆಪ್ಪಗಿರುವುದು ಬಿಟ್ಟು ನಾನೊಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡೆ.

ಕೊಂಡದ್ದಕ್ಕೆ ಕಾರಣ ನನ್ನ ಷಡ್ಡಕ. ನನ್ನ ಹೆಂಡತಿ ಸರೋಜಳ ತವರು ತೀರ್ಥಹಳ್ಳಿಯ ಹತ್ತಿರ. ಅವಳ ಅಕ್ಕನ ಗಂಡನಿಗೆ ಜೀಪಿತ್ತು. ಆ ಜೀಪು ಅಂಗಳಕ್ಕೆ ಬಂದರೆ ಮಾವನವರು ಜಗುಲಿಯಿಂದ ಇಳಿದು ಎದುರು ಹೋಗುತ್ತಿದ್ದರು. ನಾವು ಬಸ್ಸಿಳಿದು ಧೂಳು ಕೊಡವಿಕೊಂಡು ನಡೆದು ಹೋದರೆ ಕೂತಲ್ಲಿಂದಲೇ, "ಓ, ಬಸ್ಸು ಬಂತಾ?" ಎನ್ನುತ್ತಿದ್ದರು. ಬಂದದ್ದು ಬಸ್ಸು, ಅಳಿಯನಲ್ಲ. ಹೀಗಿರುವಾಗ ಸರೋಜಳ ತಂಗಿಗೆ ಗಂಡು ಗೊತ್ತಾಗಿ, ವಿಜಯದಶಮಿಯ ಮಧ್ಯಾಹ್ನ ನಿಶ್ಚಿತಾರ್ಥವೆಂದು ಕಾಗದ ಬಂತು. ಸರೋಜ ಅಂದೇ ಹೇಳಿಬಿಟ್ಟಳು: "ನೋಡಿ, ಗಂಡಿನ ಕಡೆಯೋರ ಎದ್ರಿಗೆ ನಾನು ಬಸ್ಸಿಳಿದು ಬರೋಳಲ್ಲ. ಸ್ಕೂಟರಲ್ಲೇ ಹೋಗೋದು. ನಮ್ಮನೇಲೂ ಒಂದು ಗಾಡಿ ಇದೆ ಅಂತ ಅವರಿಗೆಲ್ಲ ಗೊತ್ತಾಗ್ಲಿ."

ವಿಜಯದಶಮಿಯ ಬೆಳಿಗ್ಗೆ ಅವಳು ಬಿಂದಿಗೆಗಟ್ಟಲೆ ನೀರು ಸುರಿದು ಸ್ಕೂಟರನ್ನು ತೊಳೆದಳು. ಆಯುಧಪೂಜೆಯ ದಿನ ಹಚ್ಚಿದ ಕುಂಕುಮ ಹೋಯಿತೆಂದು ಮತ್ತೆ ಹಚ್ಚಿ, ಚೆಂಡುಹೂವಿನ ಹೊಸ ಹಾರ ಹಾಕಿ, ರೇಷ್ಮೆ ಸೀರೆಯುಟ್ಟು ನಿಂತಳು. ನಾನು ಹೊಸ ಶಲ್ಯ ಹೊದ್ದು ಒಂದು ಒದೆ ಕೊಟ್ಟೆ. ಸ್ಕೂಟರ್ ಕೆಮ್ಮಲೂ ಇಲ್ಲ. ಬಲಗಾಲು ಸೋತ ಮೇಲೆ ಗಾಡಿಯನ್ನು ಅಲ್ಲಾಡಿಸಿ ನೋಡಿದೆ. ಒಳಗೆ ಪೆಟ್ರೋಲು ಗುಳುಗುಳು ಎಂದಿತು. ಅಂದಮೇಲೆ ತಪ್ಪು ಕರೆಂಟಿನದೇ. ಪ್ಲಗ್ಗನ್ನು ಬಿಚ್ಚಿ, ಎಂಜಿನ್ನಿಗೆ ತಾಗಿಸಿ ಹಿಡಿದು, ಒದ್ದು, ಕಿಡಿ ಹಾರುತ್ತದೋ ಇಲ್ಲವೋ ನೋಡಬೇಕೆಂಬಷ್ಟು ವಿದ್ಯೆ ನನಗೂ ಇತ್ತು. ಆದರೆ ಬಿಚ್ಚಲು ಸ್ಪ್ಯಾನರ್ ಬೇಕು. ಅದು ಹಿಂದಿನ ದಿನದಿಂದ ಕತ್ತಿ, ಕತ್ತರಿ, ಈಳಿಗೆಮಣೆಗಳ ಜೊತೆ ದೇವರ ಕೋಣೆಯಲ್ಲಿ ಪೂಜೆಗೆ ಕೂತಿತ್ತು. ಬಾಗಿಲಲ್ಲಿ ನನ್ನ ಅಮ್ಮ ಕೂತಿದ್ದಳು.

"ಮುಟ್ಟಿದ್ರೆ ನೋಡು" ಎಂದಳು ಅಮ್ಮ. "ಮಂಗಳಾರತಿ ಮಾಡಿ ಕದಲಿಸೋವರೆಗೆ ಅದು ಸ್ಪ್ಯಾನರ್ ಅಲ್ಲ, ದೇವರು."

"ಕದಲಿಸೋದು ಯಾವಾಗ?"

"ಮಧ್ಯಾಹ್ನದ ಮೇಲೆ. ಈಗ ಗಳಿಗೆ ಚೆನ್ನಾಗಿಲ್ಲ."

ಮೆಕ್ಯಾನಿಕ್‌ನ ಬಳಿ ಓಡಿದೆ. ಅವನ ಸಾಮಾನುಗಳೆಲ್ಲವೂ ಅಂಗಡಿಯೊಳಗೆ ಬಾಳೆಕಂಬದ ನಡುವೆ ಹೂ ಮುಡಿದು ಕೂತಿದ್ದವು. "ಇವತ್ತು ಬಾಯಲ್ಲಿ ಏನು ಬೇಕಾದ್ರೂ ಹೇಳ್ತೀನಿ ಮೇಷ್ಟ್ರೇ, ಕೈಯಲ್ಲಿ ಮಾತ್ರ ಆಗಲ್ಲ" ಎಂದ. ಮೊದಲ ಬಸ್ಸು ಆಗಲೇ ಹೋಗಿತ್ತು. ಮುಂದಿನದನ್ನು ಹಿಡಿದರೆ ತಾಂಬೂಲ ಬದಲಾಯಿಸಿ, ಎಲೆ ಎತ್ತುವ ಹೊತ್ತಿಗೆ ತಲುಪುತ್ತಿದ್ದೆವು. ಮನೆಗೆ ಮರಳಿದಾಗ ಸರೋಜಳ ಕಣ್ಣಲ್ಲಿ ನೀರು ನಿಂತಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು.

ಅಷ್ಟರಲ್ಲಿ ಅಮ್ಮ ಪಕ್ಕದ ಮನೆಯ ನಾಗೇಶಪ್ಪನವರನ್ನು ಕರೆಸಿದ್ದಳು. ಅವರಿಗೆ ಜೋಗದಲ್ಲಿ ಕೆಲಸ, ಹಬ್ಬಕ್ಕೆಂದು ಊರಿಗೆ ಬಂದಿದ್ದರು. ಕೆಲಸ ಅಲ್ಲಿನ ಆಫೀಸಿನಲ್ಲಿ ಟೈಪ್ ಹೊಡೆಯುವುದು. ಆದರೆ ಜೋಗದಲ್ಲಿರುವವರಿಗೆ ಕರೆಂಟು ಗೊತ್ತಿಲ್ಲವೆಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ನಂಬಿಸುವ ಪ್ರಯತ್ನವನ್ನು ಅವರೂ ಕೈಬಿಟ್ಟಿದ್ದರು. ಸ್ಕೂಟರಿಗೆ ಒಂದು ಪ್ರದಕ್ಷಿಣೆ ಬಂದು, ಕೈ ಹಿಂದೆ ಕಟ್ಟಿಕೊಂಡು, "ಇದು ಕರೆಂಟಿಂದೇ ತೊಂದ್ರೆ" ಎಂದರು.

"ಅದು ಗೊತ್ತು. ಯಾಕೆ ಬರ್ತಿಲ್ಲ ಅಂತ."

"ನಮ್ಮ ಜೋಗದಲ್ಲಿ ಹೇಗೆ ಅಂದ್ರೆ ಮೇಷ್ಟ್ರೇ, ಮೇಲಿಂದ ನೀರು ಬಿದ್ರೆ ಕರೆಂಟು ಬರ್ತದೆ."

"ನೀರು ಬೆಳಿಗ್ಗೇನೇ ಬೇಕಾದಷ್ಟು ಬಿದ್ದಿದೆಯಲ್ಲ!"

"ಹಾಗಾದ್ರೆ ಬರ್ಲೇಬೇಕು" ಎಂದು ಅವರು ಸ್ಕೂಟರನ್ನು ಅನುಮಾನದಿಂದ ನೋಡಿದರು.

ನೀರಿನ ಮಾತು ಬಂದದ್ದೇ ತಡ, ಸರೋಜ ಮೂಗು ಒರೆಸಿಕೊಂಡು ಮುಂದೆ ಬಂದಳು. ಪಕ್ಕದ ತಗಡಿನ ಮುಚ್ಚಳ ತೆಗೆದು, "ಪ್ಲಗ್ಗಿನ ಈ ಟೊಪ್ಪಿ ಕೈಯಲ್ಲೇ ಬರ್ತದಾ?" ಎಂದು ಕೇಳುತ್ತ ಎಳೆದೇ ಬಿಟ್ಟಳು. ಒಳಗಿನಿಂದ ಒಂದು ಉದ್ಧರಣೆಯಷ್ಟು ನೀರು ಸುರಿಯಿತು. ಅದು ಯಾರು ಹೊಯ್ದ ನೀರೆಂದು ಕೇಳುವಷ್ಟು ದಡ್ಡ ನಾನಲ್ಲ. ಟೊಪ್ಪಿಯ ಒಳಗಿನ ಪಸೆ ಆರಲು ಗಾಳಿ ಬೇಕಾಗಿತ್ತು. ಅವಳು ಒಲೆಯ ಹತ್ತಿರವಿದ್ದ ಊದುಗೊಳವೆಗೆ ಕೈ ಹಾಕಿದಳು. ನಾವೆಲ್ಲ ಅಮ್ಮನ ಮುಖ ನೋಡಿದೆವು. ಅಮ್ಮ ಸ್ವಲ್ಪ ಯೋಚಿಸಿ, "ಗಾಳಿ ಊದೋದು ಆಯುಧ ಹೇಗಾಗ್ತದೆ? ತಗೊ" ಎಂದು ತೀರ್ಪು ಕೊಟ್ಟಳು. ಸರೋಜ ಒಲೆ ಊದುವ ಗತ್ತಿನಲ್ಲೇ ಊದಿ, ನನ್ನ ಹೊಸ ಶಲ್ಯದ ತುದಿಯಿಂದ ಟೊಪ್ಪಿ, ಪ್ಲಗ್ಗು, ವೈರು ಎಲ್ಲವನ್ನೂ ಒರೆಸಿದಳು. ಟೊಪ್ಪಿ ಮತ್ತೆ ಸಿಕ್ಕಿಸಿದ ಮೇಲೆ ನಾನು ಒಂದು ಒದೆ ಕೊಟ್ಟೆ. ಸ್ಕೂಟರ್ ಹತ್ತಿತು. ನಾಗೇಶಪ್ಪನವರು ಬೀದಿಯ ಅಭಿನಂದನೆಗಳನ್ನು ಸ್ವೀಕರಿಸಿ, "ಹತ್ತಿದ್ಮೇಲೆ ಆರಿಸ್ಬೇಡಿ ಮತ್ತೆ. ಜೋಗದಲ್ಲೂ ಮಿಷಿನ್ ಸುಮ್ಸುಮ್ನೆ ನಿಲ್ಸಲ್ಲ" ಎಂದು ಬುದ್ಧಿ ಹೇಳಿದರು.

ಆರಿಸಲಿಲ್ಲ. ಹೊಸನಗರದಲ್ಲಿ ಸರೋಜ ಇಳಿದು ಕಾಫಿ ಕುಡಿದಳು, ನಾನು ಸೀಟಿನ ಮೇಲೇ ಕೂತು ಒಂದು ಕೈಯಲ್ಲಿ ಕುಡಿದೆ. ತೀರ್ಥಹಳ್ಳಿ ದಾಟಿ ಮಾವನವರ ಅಂಗಳ ಹೊಕ್ಕಾಗ ಗಂಡಿನ ಕಡೆಯವರು ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದರು. ಮಾವನವರು ಜಗುಲಿಯಿಂದ ಇಳಿದೇ ಬಂದರು. ಸರೋಜಳ ಮುಖ ನೋಡಬೇಕಿತ್ತು. ಇಳಿಯುತ್ತ ನನ್ನ ಕಿವಿಯಲ್ಲಿ, "ಆರಿಸ್ಬೇಡಿ. ಇವರ ಎದ್ರಿಗೆ ಆಮೇಲೆ ಹತ್ತದೆ ನೂಕೋದಾದ್ರೆ ನಾನು ಸತ್ತೇ ಹೋಗ್ತೀನಿ" ಎಂದಳು. ಕೈ ಸಡಿಲಿಸಿದರೆ ಎಂಜಿನ್ನು ತೂಕಡಿಸುತ್ತಿತ್ತು. ಹಾಗಾಗಿ ನಾದಿನಿಯ ನಿಶ್ಚಿತಾರ್ಥವನ್ನು ನಾನು ಅಂಗಳದಲ್ಲಿ, ಸ್ಕೂಟರಿನ ಕಿವಿ ಹಿಂಡುತ್ತ, ಹೊಗೆಯ ನಡುವೆ ನಿಂತೇ ಕೇಳಿಸಿಕೊಂಡೆ. ಒಳಗೆ ಲಗ್ನಪತ್ರಿಕೆ ಓದಿದ್ದು ಅರ್ಧ ಕೇಳಿಸಿತು. ಪಾಯಸವನ್ನು ಲೋಟದಲ್ಲಿ ಹೊರಗೇ ಕಳಿಸಿದರು.

ಊಟವಾದ ಮೇಲೆ ಗಂಡಿನ ದೊಡ್ಡಪ್ಪ ಎಲೆಯಡಿಕೆ ಉಗಿಯಲು ಅಂಗಳದ ಅಂಚಿಗೆ ಬಂದರು. ಮಸಿ ಹಿಡಿದ ನನ್ನ ಶಲ್ಯವನ್ನು ನೋಡಿ ಮರುಕದಿಂದ, ಬಾಗಿಲಲ್ಲಿ ನಿಂತಿದ್ದ ಸರೋಜಳನ್ನು ಕೇಳಿದರು: "ಪಾಪ, ನಿಮ್ಮ ಡ್ರೈವರ್ ಆಗಿಂದ ಹೊರಗೇ ನಿಂತಿದಾನಲ್ಲಮ್ಮ, ಅವನಿಗೆ ಊಟ ಹಾಕಿದ್ರಾ?"

ಸರೋಜ ನನ್ನನ್ನು ನೋಡಿದಳು. ಮೂಲೆಯಲ್ಲಿ ನಿಂತಿದ್ದ ಜೀಪನ್ನೂ ನೋಡಿದಳು.

"ಹಾಕ್ತೀವಿ" ಎಂದಳು. ಆಮೇಲೆ ದನಿ ಸ್ವಲ್ಪ ಏರಿಸಿ, "ನಮ್ಮ ಭಾವನ ಜೀಪಿಗೇ ಡ್ರೈವರ್ ಇಲ್ಲ ನೋಡಿ. ಪಾಪ, ಅವರೇ ಓಡಿಸ್ಕೊಂಡು ಬರ್ಬೇಕು" ಎಂದಳು.

ದೊಡ್ಡಪ್ಪನವರು ಸ್ಕೂಟರನ್ನೂ ಸರೋಜಳನ್ನೂ ಬಹಳ ಗೌರವದಿಂದ ನೋಡಿದರು. ನಾನು ಎಡಗೈಯಲ್ಲೇ ಶಲ್ಯವನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಸುತ್ತಿಕೊಂಡು, "ನಮಸ್ಕಾರ ಸ್ವಾಮಿ" ಎಂದೆ.