ಮಾವನ ತಲೆಯ ಮೇಲಿನ ಕಂಪನಿ

ನನ್ನ ಸೋದರಮಾವ ಒಬ್ಬರಲ್ಲ, ಇಬ್ಬರು. ಭಾಲ್ಕಿಯ ಮನೆಯಲ್ಲಿ ಲುಂಗಿ ಉಟ್ಟು ಕೂತವರು ಒಬ್ಬರು. ನೀಲಿ ಟೊಪ್ಪಿಗೆ ಏರಿಸಿದರೆ ಇನ್ನೊಬ್ಬರು. ಆಗ ಅವರು ಮಾವನಲ್ಲ, ಕಂಪನಿ!

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಅವರದೊಂದು ವೆಲ್ಡಿಂಗ್ ಶೆಡ್ಡು. ನೀರಿನ ಟಾಕಿ ಹೊರುವ ಕಬ್ಬಿಣದ ಸ್ಟ್ಯಾಂಡ್ ಮಾಡುತ್ತಾರೆ. ಸ್ಟ್ಯಾಂಡ್ ಬಿದ್ದು ಯಾರಿಗಾದರೂ ಪೆಟ್ಟಾದರೆ, ಪರಿಹಾರಕ್ಕೆ ಶೆಡ್ಡಷ್ಟೇ ಅಲ್ಲ, ಇರುವ ಮನೆಯೂ ಹೋದೀತು ಎಂದು ಸಿಎ ಒಬ್ಬರು ಹೇಳಿದ ದಿನದಿಂದ ಈ ಗೀಳು. ಏಕವ್ಯಕ್ತಿ ಕಂಪನಿ ಮಾಡಿದರೆ ಮಾಲೀಕ ಬೇರೆ, ಕಂಪನಿ ಬೇರೆ. ಕಂಪನಿಯ ಹೊಣೆ ಮನೆಯ ಹೊಸಿಲು ದಾಟದು. ಆದರೆ ಎರಡರ ಆಸ್ತಿಪಾಸ್ತಿ ಬೆರೆಸಿದರೆ ಕೋರ್ಟು ಇಬ್ಬರ ನಡುವಿನ ಈ ಗೋಡೆಯನ್ನೇ ಒಪ್ಪದಿರಬಹುದು. ಮಾವನಿಗೆ ಇಷ್ಟು ಸಾಕಾಯಿತು. ನೋಂದಣಿಗೂ ಮೊದಲೇ ತಾಲೀಮು ಶುರು.

ಫ್ಯಾನ್ ಒರೆಸಲು ಅತ್ತೆ ಶೆಡ್ಡಿನಿಂದ ಮನೆಗೆ ಬಂದಿದ್ದ ನಿಚ್ಚಣಿಕೆ ಕೇಳಿದರು.

"ಅದು ಕಂಪನಿದು. ಅರ್ಜಿ ಕೊಡು."

"ಯಾರಿಗಿ ಕೊಡ್ಲಿ?"

"ತಡಿ, ಕರೀತೇನಿ."

ಒಳಗೆ ಹೋಗಿ ಟೊಪ್ಪಿಗೆ ಇಟ್ಟುಕೊಂಡು ಬಂದರು. ಅರ್ಜಿ ಓದಿ, ನಡಾವಳಿ ಪುಸ್ತಕದಲ್ಲಿ ಠರಾವು ಬರೆದು, ತಾವೇ ಸಹಿ ಹಾಕಿದರು: ನಿಚ್ಚಣಿಕೆ ಎರಡು ತಾಸಿಗೆ ಮಂಜೂರು. ಅತ್ತೆ ಚಹಾ ತಂದು ಕೇಳಿದರು, "ಇದು ನಿಮಗೋ, ಕಂಪನಿಗೋ?"

"ಇಬ್ಬರಿಗೂ ಬ್ಯಾರೆ ಬ್ಯಾರೆ ಕಪ್ ತಾ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿ ಬಹುಮಾನ ತಂದ ನಾನು ಸುಮ್ಮನಿರುವುದುಂಟೇ? "ಮಾಮಾ, ಬ್ಯಾಂಕಿನವ್ರು ಸಾಲಕ್ಕ ನಿಮ್ಮ ಸ್ವಂತ ಜಾಮೀನು ಕೇಳಿದ್ರ ಗ್ವಾಡಿ ಎಲ್ಲಿ ಉಳೀತದರಿ? ನಿಮ್ಮ ಕೈದೇ ತಪ್ಪಾದ್ರ?"

"ಅದಕ್ಕ ವಿಮಾ ಮಾಡಸ್ತೇನಿ. ನೀ ಮೊದಲ ಸಹಿ ಮಾಡು."

ಎಲ್ಲ ನಿಂತಿದ್ದು ಅಲ್ಲೇ. ನಾಮಿನಿಯೊಬ್ಬರು ಒಪ್ಪಿ ಸಹಿ ಹಾಕದೆ ಇಂಥ ಕಂಪನಿ ನೋಂದಣಿಯಾಗದು. ಮಾವ ನನ್ನ ಹೆಸರು ಬರೆದಿದ್ದರು. ನಾನು ಮೂರು ತಿಂಗಳಿಂದ ಕಲಮು ಕಲಮಿಗೂ ತಕರಾರು ತೆಗೆಯುತ್ತಿದ್ದೆ.

ಅಷ್ಟರಲ್ಲಿ ಔರಾದ ತಾಲ್ಲೂಕಿನ ಸಂತಪುರದಿಂದ ಫೋನು: ಮಾವ ಮಾಡಿಕೊಟ್ಟಿದ್ದ ಟಾಕಿ ಸ್ಟ್ಯಾಂಡ್ ವಾಲಿದೆ. ಬಸ್ಸಿನುದ್ದಕ್ಕೂ ಮಾವನಿಗೆ ಪಾಠ ಹೇಳಿದೆ. "ತಪ್ಪು ನಂದು ಅಂತ ಮಾತ್ರ ಅನಬ್ಯಾಡ್ರಿ. ಕಂಪನಿ ಇನ್ನಾ ಹುಟ್ಟಿಲ್ಲ. ಹೋದ್ರ ಮನೀನೇ ಹೋಗ್ತದ." ಮಾವ ಹೂಂಗುಟ್ಟಿದರು.

ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. "ತಳದಾಗ ಮಣ್ಣು ಕುಸದಿರಬೇಕು ಬಿಡಪ್ಪಾ," ಎಂದು ಆ ಮನೆಯ ಮುದುಕಿ ತಾವೇ ತಪ್ಪಿಸಿಕೊಳ್ಳಲು ದಾರಿ ತೋರಿಸಿದರು. ಮಾವ ಕುಕ್ಕರಗಾಲಲ್ಲಿ ಕೂತು ಸ್ಟ್ಯಾಂಡಿನ ಕಾಲು ಸವರಿ ನೋಡಿದರು. ಆಮೇಲೆ ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟರು.

"ಮಣ್ಣಲ್ರಿ ಆಯಿ. ನನ್ನ ಬೆಸುಗಿ ಬಿಟ್ಟದ. ಹೊಸಾದು ನಾ ತಂದು ನಿಲ್ಲಸ್ತೇನಿ."

ವಾಪಸು ಬಸ್ಸಿನಲ್ಲೂ ಟೊಪ್ಪಿಗೆ ನನ್ನ ಕೈಯಲ್ಲೇ ಇತ್ತು. "ಅತ್ತೀನೇ ನಾಮಿನಿ ಮಾಡಬಹುದಿತ್ತಲ್ಲ ಮಾಮಾ?" ಎಂದೆ.

"ಆಕಿ ನನ್ನ ಬೆಸುಗಿ ಎಲ್ಲಾ ಗಟ್ಟಿ ಅಂತಾಳ. ನೀ ಒಂದೂ ನಂಬಂಗಿಲ್ಲ. ನಾ ಇಲ್ಲದಾಗ ಶೆಡ್ಡಿಗೆ ಅಂಥವರೇ ಬೇಕು."

ನಿಜ ಹೇಳುತ್ತೇನೆ, ನನ್ನ ತಕರಾರು ಕಲಮುಗಳ ಮೇಲಿರಲಿಲ್ಲ. ಮಾಲೀಕ ತೀರಿಕೊಂಡರೆ ನಾಮಿನಿ ಕಂಪನಿ ವಹಿಸಿಕೊಳ್ಳಬೇಕು ಎಂಬ ಆ ಒಂದು ಸಾಲಿನ ಕೆಳಗೆ ಸಹಿ ಹಾಕಲು ಕೈ ಬರುತ್ತಿರಲಿಲ್ಲ, ಅಷ್ಟೇ.

ಮಾವನ ಚೀಲದಲ್ಲಿದ್ದ ನಾಮಿನಿ ಕಾಗದ ಕೇಳಿ ಇಸಿದುಕೊಂಡು, ತೊಡೆಯ ಮೇಲಿಟ್ಟು ಸಹಿ ಹಾಕಿದೆ. "ಒಂದು ಷರತ್ತು ಮಾಮಾ. ಈ ವಹಿಸ್ಕೊಳ್ಳೂ ಕೆಲಸ ನನಗ ಎಂದೂ ಬೀಳಬಾರದು."

ಮಾವ ನನ್ನ ಕೈಯಿಂದ ಟೊಪ್ಪಿಗೆ ತೆಗೆದುಕೊಂಡು ತಲೆಗೆ ಇಟ್ಟುಕೊಂಡರು. "ಮಂಜೂರು," ಎಂದರು.